ಹೊನ್ನಲಾದೇವಿ ಬಡಿಸಿದ ಅನ್ನ

ಅರಂತೋಡು
೧೮ ಜೂನ್ ೧೯೫೭

ಗೆಳೆಯ ಯಜ್ಞೇಶ್ವರನಿಗೆ,

ಅಂತೂ ನನ್ನನ್ನು ಪುತ್ತೂರಿನಿಂದ ಎತ್ತಿ ಹುಟ್ಟೂರಿನ ಶಾಲೆಗೇ ತಂದು ಹಾಕಿದರು. ವರ್ಗದ ಆದೇಶ ಬಂದ ದಿನ ನೀನು, "ಅವ್ವನ ಕೈಯ ಊಟ ಸಿಗ್ತದಲ್ಲ, ಇನ್ನೆಂತ ಬೇಕು ಮಾರಾಯ ನಿಂಗೆ?" ಎಂದಿದ್ದೆ. ಊಟವೇನೋ ಸಿಗುತ್ತಿದೆ. ಆದರೆ ಸಂಜೆ ಶಾಲೆ ಬಿಟ್ಟ ಕೂಡಲೇ ಕಾಲು ತಾನಾಗಿಯೇ ರತ್ನವಿಲಾಸ ನಾಟಕಮಂದಿರದ ದಾರಿ ಹುಡುಕುತ್ತದೆ. ಎದುರಿಗೆ ನೋಡಿದರೆ ಮಡಿಕೇರಿ ರಸ್ತೆ, ಒಂದು ಲಾರಿ, ಎರಡು ಎಮ್ಮೆ.

ಇಲ್ಲಿಯ ಹೆಡ್‌ಮಾಸ್ಟರರು ಮೊದಲ ದಿನವೇ ಕೇಳಿದರು: "ನೀವೇ ಅಲ್ವಾ ಹೆಣ್ಣುವೇಷದ ಅಚ್ಚುತ ಮಾಸ್ಟ್ರು? ಮೀಸೆ ಬಿಡುದಿಲ್ವಾ?" ಬಿಡುವುದಿಲ್ಲ ಎಂದೆ. ಹನ್ನೆರಡು ವರ್ಷ ಆ ರಂಗದಲ್ಲಿ ನಿನ್ನ ಹೆಂಡತಿಯಾಗಿ, ತಂಗಿಯಾಗಿ, ರಾಣಿಯಾಗಿ ನಿಂತವನು ನಾನು. ವರ್ಗವಾಯಿತೆಂದು ಮೀಸೆ ಬಿಟ್ಟರೆ ಆ ಹೆಂಗಸರೆಲ್ಲ ನನ್ನನ್ನು ಶಪಿಸಿಯಾರು.

ಅದಿರಲಿ. ಬರುವ ಜನವರಿಗೆ ರತ್ನವಿಲಾಸಕ್ಕೆ ಇಪ್ಪತ್ತೈದು ತುಂಬುತ್ತದೆ. ಹಬ್ಬದ ನಾಟಕ 'ಹೊನ್ನಲಾದೇವಿ'ಯೇ ತಾನೆ? ನಾನು ಈಗಿನಿಂದಲೇ ರಜೆ ಉಳಿಸುತ್ತಿದ್ದೇನೆ. ಜ್ವರ ಬಂದರೂ ಶಾಲೆಗೆ ಹೋಗುತ್ತೇನೆ. ಆ ಒಂದು ಪಾತ್ರ ಆ ಒಂದು ದಿನ ಆ ರಂಗದ ಮೇಲೆ ಮಾಡಿಬಿಟ್ಟರೆ ಸಾಕು, ಆಮೇಲೆ ನೀನೇ ನನಗೆ ಮೀಸೆ ಅಂಟಿಸು.

ಬೇಗ ಉತ್ತರ ಬರೆ. ಕಾರ್ಯದರ್ಶಿಯಾದ ಮೇಲೆ ನೀನು ದೊಡ್ಡ ಮನುಷ್ಯ, ಗೊತ್ತುಂಟು.

ನಿನ್ನ
ಅಚ್ಚುತ


ಪುತ್ತೂರು
೬ ಜುಲೈ ೧೯೫೭

ಪ್ರಿಯ ಅಚ್ಚುತ,

ನಿನ್ನ ಕಾಗದ ಓದಿ ನಾನೂ ಮನೆಯವಳೂ ನಕ್ಕೆವು. ಸಮಿತಿಯ ಸಭೆ ಆಯಿತು. ಹಬ್ಬಕ್ಕೆ 'ಹೊನ್ನಲಾದೇವಿ' ಎಂದೇ ತೀರ್ಮಾನ. ದಳವಾಯಿ ನಾನು. ದೇವಿಯ ಮಾತು ನೀನು ಕೇಳಬೇಕೇ? ಆ ಪಾತ್ರ ಎಂದರೆ ಪುತ್ತೂರಿನ ಜನಕ್ಕೆ ನಿನ್ನ ಮುಖವೇ ಕಾಣುವುದು.

ಒಂದು ಮಾತು. ಅಭ್ಯಾಸವನ್ನು ಈಗಲೇ ಸುರು ಮಾಡುತ್ತೇವೆ, ಈ ಸಲ ಹೊಸ ಹುಡುಗರು ಜಾಸ್ತಿ. ಅದಕ್ಕೆಲ್ಲ ನೀನು ಬಸ್ಸು ಹತ್ತಿ ಬಂದು ರಜೆ ಕಳೆದುಕೊಳ್ಳುವುದು ಬೇಡ. ನೀನು ಬರುವವರೆಗೆ ಪರದೆ ಎಳೆಯುವ ಡೊಂಬಯ್ಯ ನಿನ್ನ ಜಾಗದಲ್ಲಿ ನಿಂತು ಮಾತು ಹೇಳುತ್ತಾನೆ. ಆದರೆ ಅವನು ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ಯಾರಿಗೂ ತಿಳಿಯದು. ನೀನು ಪ್ರವೇಶದಿಂದ ಹಿಡಿದು ಒಂದೊಂದನ್ನೂ ವಿವರವಾಗಿ ಬರೆದು ಕಳಿಸಿದರೆ ಉಪಕಾರ. ನಡಿಗೆ, ನೋಟ, ಉಸಿರು, ಯಾವುದನ್ನೂ ಬಿಡಬೇಡ.

ನಿನ್ನ ತಾಯಿ ಪೂವಮ್ಮನವರಿಗೆ ನಮಸ್ಕಾರ ತಿಳಿಸು.

ಇಂತು
ಯಜ್ಞೇಶ್ವರ


ಅರಂತೋಡು
೪ ಆಗಸ್ಟ್ ೧೯೫೭

ಯಜ್ಞಾ,

ಡೊಂಬಯ್ಯ ರಾಣಿಯೇ! ಅವನ ಹೊಟ್ಟೆಗೆ ಸುತ್ತಿದರೆ ನನ್ನ ಡಾಬು ಎರಡು ತುಂಡಾಗುತ್ತದೆ. ಆದರೂ ಪಾಪ, ನಿಲ್ಲಲು ಒಪ್ಪಿದನಲ್ಲ. ಅವನಿಗೆ ಓದಿ ಹೇಳು.

ಮೊದಲು ನಡಿಗೆ. ಹೆಣ್ಣಿನ ಹಾಗೆ ನಡೆಯಲು ಹೋಗಬೇಡ ಎಂದು ಹೇಳು. ಹೊಸಬರು ಮಾಡುವ ತಪ್ಪು ಅದೇ, ಸೊಂಟ ಕುಣಿಸುತ್ತಾರೆ, ಸೋಡಾ ಕುಡಿಯುತ್ತಿದ್ದವರು ಶಿಳ್ಳೆ ಹಾಕುತ್ತಾರೆ. ತಲೆಯ ಮೇಲೆ ತುಂಬಿದ ಕೊಡ ಉಂಟು ಎಂದುಕೊಂಡು ನಡೆದರೆ ಸಾಕು, ಉಳಿದದ್ದನ್ನು ಕೊಡವೇ ನೋಡಿಕೊಳ್ಳುತ್ತದೆ.

ಎರಡನೆಯದು ನಮ್ಮ ರಂಗದ ಸ್ವಭಾವ. ಮುಂದಿನ ಸಾಲಿನಲ್ಲಿ ಬಲಗಡೆಯ ಹಲಗೆ ಕಿರ್ ಎನ್ನುತ್ತದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನೀನು ನಗುತ್ತೀಯ. ಆದರೆ ದೇವಿ ಮೌನವಾಗಿ ನಿಲ್ಲುವ ಕಡೆ ಹಲಗೆ ಮಾತಾಡಿದರೆ ಎಲ್ಲ ಕೆಟ್ಟಿತು. ಮೇಲೆ ತಗಡಿನ ಮಾಡು, ಧ್ವನಿ ಎತ್ತಿ ಮಾತಾಡಿದರೆ ಅದು ತಿರುಗಿ ನಮ್ಮ ತಲೆಗೇ ಬೀಳುತ್ತದೆ. ಮೆಲ್ಲಗೆ ಹೇಳಿದ್ದು ಮಾತ್ರ ಕೊನೆಯ ಬೆಂಚಿಗೆ ಮುಟ್ಟುತ್ತದೆ. ಮೊದಲ ಪ್ರವೇಶದಲ್ಲಿ ಎಡಗಡೆಯ ಹೆಂಗಸರ ಬೆಂಚುಗಳ ಕಡೆ ಮುಖ ಮಾಡಬೇಕು. ಅವರು ಒಪ್ಪಿದರೆ ಗಂಡಸರೂ ಒಪ್ಪುತ್ತಾರೆ. ಇದು ನಮ್ಮ ಪುತ್ತೂರಿನ ಮನೆಗಳಲ್ಲೂ ಹಾಗೆಯೇ ಅಲ್ಲವೇ?

ಸೀರೆ ಉಡುವ ಕ್ರಮ ಮುಂದಿನ ಕಾಗದದಲ್ಲಿ ಬರೆಯುತ್ತೇನೆ.

ಬರೆಯುತ್ತಾ ಕುಳಿತರೆ ಗ್ಯಾಸ್‌ಲೈಟಿನ ಸದ್ದು ಕಿವಿಯಲ್ಲಿ ಕೇಳುತ್ತದೆ, ಮಾರಾಯ.

ನಿನ್ನ
ಅಚ್ಚುತ


ಪುತ್ತೂರು
೨೨ ಸೆಪ್ಟೆಂಬರ್ ೧೯೫೭

ಪ್ರಿಯ ಅಚ್ಚುತ,

ನಿನ್ನ ಪಾಠ ಬಹಳ ಪ್ರಯೋಜನಕ್ಕೆ ಬಂತು. ಎಲ್ಲರೂ ಹೊಗಳುತ್ತಿದ್ದಾರೆ. ಸೀರೆ ಉಡುವುದನ್ನು ಬರೆದು ಕಾಗದ ಹಾಳು ಮಾಡಬೇಡ, ಅದಕ್ಕೆ ಇಲ್ಲಿ ತೊಂದರೆಯಿಲ್ಲ.

ಈಗ ಬೇಕಾದದ್ದು ಮೂರನೆಯ ಅಂಕ. ದಳವಾಯಿಗಳು ಯುದ್ಧಕ್ಕೆ ಹೊರಡುವ ಮೊದಲಿನ ಊಟ. ಅರಸ ಬಿದ್ದ ಸುದ್ದಿ ದೇವಿಗೆ ಮಾತ್ರ ಗೊತ್ತು, ಹೇಳಿದರೆ ಸೈನ್ಯ ಒಡೆಯುತ್ತದೆ, ಅದಕ್ಕೆ ಬಾಯಿ ಮುಚ್ಚಿ ಬಡಿಸುತ್ತಾಳೆ. ಆಗ ನೀನು ನನ್ನ ತುಂಬಿದ ಎಲೆಗೇ ಮತ್ತೊಮ್ಮೆ ಅನ್ನ ಬಡಿಸುತ್ತೀಯಲ್ಲ, ಅದು ನಾಟಕದ ಪ್ರತಿಯಲ್ಲಿ ಇಲ್ಲ. ಮೊದಲ ಸಲ ನೀನು ಹಾಗೆ ಮಾಡಿದಾಗ ನನಗೆ ಮುಂದಿನ ಮಾತೇ ಮರೆತಿತ್ತು. ಜನ ಅಳುವುದೂ ಅಲ್ಲಿಯೇ. ಇಲ್ಲಿ ಬಡಿಸಿ ನೋಡಿದರೆ ಯಾರೋ ಮರೆತು ಬಡಿಸಿದ ಹಾಗೆ ಕಾಣುತ್ತದೆ, ಜೀವ ಬರುವುದಿಲ್ಲ. ಅದರ ಗುಟ್ಟೇನು? ಎಲ್ಲಿಂದ ತಂದೆ ಅದನ್ನು? ನನಗಾದರೂ ಹೇಳು.

ಇಂತು
ಯಜ್ಞೇಶ್ವರ


ಅರಂತೋಡು
೧೩ ಅಕ್ಟೋಬರ್ ೧೯೫೭

ಯಜ್ಞಾ,

ಈ ಕಾಗದವನ್ನು ಡೊಂಬಯ್ಯನಿಗೆ ಓದಿ ಹೇಳಬೇಡ. ಓದಿ ಒಲೆಗೆ ಹಾಕು.

ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಹೊಸ ಅಕ್ಕಿಯ ಊಟ. ಕುಟುಂಬದವರೆಲ್ಲ ಸೇರಿದ್ದರು. ಅಪ್ಪ ಹೊಳೆಯಾಚೆಗೆ ಅತ್ತೆಯನ್ನು ಕರೆತರಲು ಹೋಗಿದ್ದ, ಬರುವುದು ತಡವಾಯಿತೆಂದು ಮಕ್ಕಳನ್ನೂ ಮುದುಕರನ್ನೂ ಎಲೆಗೆ ಕೂರಿಸಿದ್ದರು. ಆಗ ಅಡುಗೆಮನೆಯ ಹಿಂಬಾಗಿಲಿಗೆ ಒಬ್ಬ ಬಂದು, ಅಪ್ಪನನ್ನು ಪಯಸ್ವಿನಿ ಹೊಳೆ ಎಳೆದುಕೊಂಡು ಹೋಯಿತು, ದೇಹ ಕೆಳಗೆ ಸಿಕ್ಕಿತು ಎಂದ. ನಾನು ನೀರಿನ ಚೊಂಬು ಹಿಡಿದು ಅವ್ವನ ಹಿಂದೆಯೇ ಇದ್ದೆ, ನನಗೂ ಕೇಳಿತು.

ನಿನಗೆ ಗೊತ್ತುಂಟಲ್ಲ, ಸಾವಿನ ಸುದ್ದಿ ಕಿವಿಗೆ ಬಿದ್ದರೆ ಎಲೆ ಬಿಟ್ಟು ಏಳಬೇಕು. ಹೊಸ ಅಕ್ಕಿಯ ಎಲೆ ಅರ್ಧಕ್ಕೆ ಬಿಟ್ಟು ಅಷ್ಟು ಮಕ್ಕಳು ಹಸಿದು ಏಳಬೇಕಿತ್ತು. ಅವ್ವ ನನ್ನ ಮಣಿಕಟ್ಟು ಹಿಡಿದು ಒತ್ತಿದಳು. ಅನ್ನದ ಪಾತ್ರೆ ಎತ್ತಿಕೊಂಡು ಪಡಸಾಲೆಗೆ ಹೋದಳು. ಒಂದೊಂದು ಎಲೆಗೂ ಸರಿಯಾಗಿಯೇ ಬಡಿಸಿದಳು. ಅಜ್ಜನ ಎಲೆಗೆ ಬಂದಾಗ ಮಾತ್ರ, ಆಗಷ್ಟೇ ಬಡಿಸಿದ್ದ ಎಲೆ, ಮತ್ತೊಮ್ಮೆ ಬಡಿಸಿದಳು. "ಎಂತ ಪೂವಮ್ಮ, ಈಗಷ್ಟೇ ಹಾಕಿದ್ದಲ್ವಾ?" ಎಂದ ಅಜ್ಜ. ಅವಳು ಎಲೆ ನೋಡಲಿಲ್ಲ, ಅಜ್ಜನನ್ನೂ ನೋಡಲಿಲ್ಲ. ತನ್ನ ಕೈಯನ್ನು ನೋಡುತ್ತಿದ್ದಳು, ಅದು ಬೇರೆ ಯಾರದೋ ಕೈ ಎಂಬ ಹಾಗೆ. ಎಲ್ಲರೂ ಕೈ ತೊಳೆದ ಮೇಲೆ ಹೇಳಿದಳು.

'ಗಂಡ ಸತ್ತದ್ದು ಗೊತ್ತಿದ್ದೂ ಬಡಿಸಿದವಳು' ಎಂದು ಕುಟುಂಬದವರು ವರ್ಷಗಟ್ಟಲೆ ಆಡಿಕೊಂಡರು. ಅವ್ವ ಆವತ್ತೂ ಅಳಲಿಲ್ಲ, ಆಮೇಲೂ ಅತ್ತದ್ದನ್ನು ನಾನು ಕಾಣೆ. ಆ ದಿನದ ಮಾತು ನಮ್ಮ ಮನೆಯಲ್ಲಿ ಇಲ್ಲ. ನಾಟಕಕ್ಕೆ ಕರೆದುಕೊಂಡು ಹೋಗು ಎಂದು ಅವಳು ಹೇಳಿದಾಗಲೆಲ್ಲ ನಾನು ನೆವ ಹೇಳುವುದು ಯಾಕೆಂದು ಈಗ ನಿನಗೆ ತಿಳಿದೀತು. ಅವಳಿಗೆ ಕಾಣದಿರಲಿ ಎಂದು. ಆದರೆ ಒಂದು ಕಡೆಯಾದರೂ ಅದಕ್ಕೆ ಜನ ಅತ್ತರಲ್ಲ ಎಂದು ನನಗೆ ಸಮಾಧಾನ.

ಇದನ್ನು ಬೇರೆ ಯಾರಿಗೂ ಹೇಳಿಲ್ಲ, ನಿನಗೆ ಹೇಳಿದ್ದೇನೆ.

ನಿನ್ನ
ಅಚ್ಚುತ


ಅರಂತೋಡು
೯ ಡಿಸೆಂಬರ್ ೧೯೫೭

ಯಜ್ಞೇಶ್ವರನಿಗೆ,

ಎರಡು ಕಾರ್ಡು ಹಾಕಿದೆ. ಉತ್ತರ ಬರಲಿಲ್ಲ. ಯಾಕೆ ಬರಲಿಲ್ಲವೆಂದು ನಿನ್ನೆ ತಿಳಿಯಿತು.

ನಮ್ಮ ಮಂದಿರದ ಗೇಟಿನ ಬಳಿ ಸೋಡಾ ಅಂಗಡಿ ಇಟ್ಟಿರುವ ಸಾಹುಲ್ ಹಮೀದ್ ಇಲ್ಲಿ ತನ್ನ ಅಕ್ಕ ನೆಬೀಸಳ ಮನೆಗೆ ಬಂದಿದ್ದ. ದಾರಿಯಲ್ಲಿ ಸಿಕ್ಕಿ ಕೈ ಹಿಡಿದುಕೊಂಡ.

"ಮಾಸ್ಟ್ರೆ, ನೀವು ಬರೆದು ಕಳಿಸಿದ್ದನ್ನೆಲ್ಲ ಆ ಹುಡುಗಿ ಭಾರೀ ಚೆಂದ ಮಾಡ್ತಾಳೆ!"

"ಯಾವ ಹುಡುಗಿ?"

"ಪಂಕಜಾಕ್ಷಿ. ಮಂಗಳೂರಿನವಳು. ದೇವಿಯ ಪಾರ್ಟು ಅವಳದ್ದಲ್ವಾ?"

"ಡೊಂಬಯ್ಯ ಅಲ್ವಾ ನಿಲ್ಲುದು?"

ಹಮೀದ್ ನಕ್ಕ. "ಡೊಂಬಯ್ಯನಾ? ಅವ ಪರದೆ ಎಳೆಯುದು ಬಿಟ್ಟು ಬೇರೆಂತ ಮಾಡಿದ್ದಾನೆ ಮಾರಾಯ್ರೆ? ಈ ಹುಡುಗಿ ಜುಲೈ ಸುರುವಿಗೇ ಬಂದಿದ್ದಾಳೆ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಮಾಸ್ಟ್ರೆ, ನಿಮಗೆ ಗೊತ್ತಿಲ್ವಾ? ಅಲ್ಲಾಹು, ನಾನು ಹೇಳಬಾರದಿತ್ತು."

ಜುಲೈ! ಅಂದರೆ ನೀನು ಮೊದಲ ಕಾಗದ ಬರೆಯುವಾಗಲೇ ಅವಳು ನಿನ್ನೆದುರಿಗೆ ನಿಂತಿದ್ದಳು. ಸೀರೆ ಉಡುವುದನ್ನು ಬರೆಯಬೇಡ ಎಂದೆಯಲ್ಲ, ನಾನು ಎಂಥ ದಡ್ಡ, ಡೊಂಬಯ್ಯನ ಹೆಂಡತಿ ಉಡಿಸುತ್ತಾಳೇನೋ ಎಂದುಕೊಂಡೆ. ನನ್ನ ಸ್ಥಾನಕ್ಕೆ ಬಂದವಳಿಗೆ ನನ್ನ ಕೈಯಿಂದಲೇ ಪಾಠ ಬರೆಸಿದೆಯಲ್ಲ ಮಾರಾಯ! ಮುಖಕ್ಕೆ ಹೇಳಿದ್ದರೆ ಒಂದು ದಿನ ಬೈದು ಮರುದಿನ ನಾನೇ ಬಂದು ಕಲಿಸುತ್ತಿದ್ದೆ. ನಿಜವಾಗಿ ಬರುತ್ತಿದ್ದೆ. ನಿನಗೆ ಅಷ್ಟೂ ನಂಬಿಕೆ ಇರಲಿಲ್ಲ. ರಂಗದಲ್ಲಿ ಬಣ್ಣ ಹಚ್ಚಿಕೊಂಡದ್ದು ನಾನು, ಬಣ್ಣದ ಮಾತಾಡಿದ್ದು ನೀನು.

ಅಕ್ಟೋಬರಿನ ಕಾಗದ ಸುಟ್ಟೆಯಾ? ಅದನ್ನು ಮಾತ್ರ ಬರೆದು ತಿಳಿಸು.

ಅಚ್ಚುತ


ಪುತ್ತೂರು
೧೭ ಡಿಸೆಂಬರ್ ೧೯೫೭

ಪ್ರಿಯ ಅಚ್ಚುತ,

ನಿನಗೆ ನೋವಾಗಿದೆ. ಹೇಳಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದೆ. ಸಮಿತಿಯವರು ನನ್ನ ಮಾತು ಕೇಳಲಿಲ್ಲ. ಈಗ ಎಲ್ಲ ಕಡೆ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡುತ್ತಾಳೆ, ನಾವು ಮಾತ್ರ ಹಳೆಯ ಕಾಲದಲ್ಲಿ ಕುಳಿತರೆ ಹಬ್ಬಕ್ಕೆ ಬಂದವರು ನಗುತ್ತಾರೆ ಎಂದರು. ನಿನಗೂ ವಯಸ್ಸು ಮೂವತ್ತೈದು ದಾಟಿತು. ಬೆಳಗ್ಗೆ ಬೋಳಿಸಿದ ಗಡ್ಡ ಸಂಜೆಗೆ ಹಸಿರಾಗಿ ಕಾಣುತ್ತದೆ ಎಂದು ನೀನೇ ಹೇಳುತ್ತಿದ್ದೆ. ನಾನು ಮಾಡಿದ್ದು ಮಂದಿರಕ್ಕಾಗಿ.

ಹಬ್ಬದಲ್ಲಿ ನಿನಗೆ ಶಾಲು ಹೊದಿಸುವ ಏರ್ಪಾಡು ಮಾಡುತ್ತೇನೆ. ಜನವರಿ ಇಪ್ಪತ್ತಾರರ ಮಧ್ಯಾಹ್ನ ಹೆಂಗಸರಿಗಾಗಿಯೇ ಒಂದು ಪ್ರಯೋಗ ಉಂಟು. ಎರಡು ಪಾಸು ಬೇರೆ ಅಂಚೆಯಲ್ಲಿ ಕಳಿಸುತ್ತೇನೆ, ತಾಯಿಯನ್ನೂ ಕರೆದುಕೊಂಡು ಬಾ.

ಇಂತು
ಯಜ್ಞೇಶ್ವರ


ಪುತ್ತೂರು
೨೯ ಡಿಸೆಂಬರ್ ೧೯೫೭

ಪೂಜ್ಯ ಮಾಸ್ಟರರಿಗೆ ಪಂಕಜಾಕ್ಷಿಯ ನಮಸ್ಕಾರಗಳು.

ನೀವು ನನ್ನನ್ನು ನೋಡಿಲ್ಲ. ಹಮೀದಣ್ಣ ನಡೆದದ್ದನ್ನೆಲ್ಲ ಹೇಳಿದರು. ಎರಡು ದಿನ ನನಗೆ ಊಟ ಸೇರಲಿಲ್ಲ. ನೀವೇ ಪಾತ್ರ ಬಿಟ್ಟುಕೊಟ್ಟು, ಬರುವವರಿಗೆ ಕಲಿಸುತ್ತೇನೆಂದು ಒಪ್ಪಿಕೊಂಡಿದ್ದೀರಿ ಎಂದು ನನಗೆ ತಿಳಿಸಿದ್ದರು. ಇಷ್ಟು ದೊಡ್ಡ ಮನಸ್ಸಿನವರು ಉಂಟಲ್ಲ ಎಂದು ನಾನು ಮನೆಯಲ್ಲಿ ಹೇಳಿಕೊಂಡು ತಿರುಗಿದ್ದೆ.

ನಿಮ್ಮ ಕಾಗದಗಳನ್ನು ಅಭ್ಯಾಸದ ಮೊದಲು ಯಜ್ಞೇಶ್ವರಣ್ಣ ಎಲ್ಲರೆದುರು ಓದುತ್ತಿದ್ದರು. ನಿಮ್ಮ ತಾಯಿಯವರ ಸಂಗತಿಯನ್ನೂ ಓದಿದರು. ಮರುದಿನದಿಂದ ಅನ್ನ ಬಡಿಸುವ ಆ ಕಡೆ ನನಗೆ ಸರಿಯಾಗಿ ಬಂತು. ಇದನ್ನು ನಿಮಗೆ ಬರೆಯುವುದು ಸರಿಯೋ ತಪ್ಪೋ ಗೊತ್ತಿಲ್ಲ. ಮುಚ್ಚಿಡುವುದು ಇನ್ನೂ ತಪ್ಪು ಎಂದು ಕಂಡಿತು.

ಪಾತ್ರ ಬಿಟ್ಟು ಹೋಗುವ ಸ್ಥಿತಿ ನನ್ನದಲ್ಲ. ಅದೊಂದು ಬಿಟ್ಟು ನೀವು ಹೇಳಿದ್ದನ್ನು ಮಾಡುತ್ತೇನೆ.

ಪಂಕಜಾಕ್ಷಿ


ಅರಂತೋಡು
೩ ಜನವರಿ ೧೯೫೮

ಪಂಕಜಾಕ್ಷಿಯವರಿಗೆ,

ನಿಮ್ಮ ಮೇಲೆ ಕೋಪವಿಲ್ಲ. ಇತ್ತು, ನಿಮ್ಮ ಕಾಗದ ಓದುವವರೆಗೆ.

ನಡಿಗೆ, ನೋಟ, ಮಾತಿನ ಏರಿಳಿತ ಎಲ್ಲ ನಿಮಗೇ ಇರಲಿ. ಎರಡನೆಯ ಸಲ ಅನ್ನ ಬಡಿಸುವುದನ್ನು ಮಾತ್ರ ಬಿಡಿ. ಅದು ನಾಟಕದ್ದಲ್ಲ, ನನ್ನದೂ ಅಲ್ಲ. ಪಾಸು ಬಂದ ದಿನ ನಾನು ಶಾಲೆಯಲ್ಲಿದ್ದೆ. ಅಂಚೆಯವನು ಅವ್ವನಿಗೇ ಓದಿ ಹೇಳಿಬಿಟ್ಟ. ಈ ಸಲವೂ ನೆವ ಹೇಳಿದರೆ ತಾನೊಬ್ಬಳೇ ಬಸ್ಸು ಹತ್ತುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳೆದುರು ಅದು ಬೇಡ. ಬೇರೇನೂ ಕೇಳುವುದಿಲ್ಲ.

ಅಚ್ಚುತ


ಅರಂತೋಡು
೨೮ ಜನವರಿ ೧೯೫೮

ಯಜ್ಞೇಶ್ವರನಿಗೆ,

ನೀನು ಕಳಿಸಿದ ಶಾಲು ಬಂತು. ಬಂದ ಬಸ್ಸಿನಲ್ಲೇ ತಿರುಗಿ ಕಳಿಸಿದ್ದೇನೆ.

ಬಿಡುತ್ತೇನೆ ಎಂದು ಆ ಹುಡುಗಿ ಕಾರ್ಡು ಬರೆದಿದ್ದಳು. ಅದನ್ನು ನಂಬಿ ಅವ್ವನನ್ನು ಕರೆತಂದೆ. ಹೆಂಗಸರ ಪ್ರಯೋಗವಾದ್ದರಿಂದ ನನ್ನಂಥವರಿಗೆ ಹಿಂದಿನ ಗೋಡೆಗೆ ಒರಗಿ ನಿಲ್ಲುವಷ್ಟೇ ಜಾಗ. ಅಲ್ಲಿಂದ ಅವ್ವನ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಹುಡುಗಿ ಚೆನ್ನಾಗಿ ಮಾಡಿದಳು. ಹೊಟ್ಟೆ ಉರಿಯಿತು, ಆದರೂ ಹೇಳುತ್ತೇನೆ, ಚೆನ್ನಾಗಿಯೇ ಮಾಡಿದಳು.

ಮೂರನೆಯ ಅಂಕದಲ್ಲಿ ಅವಳು ಮಾತಿಗೆ ತಪ್ಪಲಿಲ್ಲ. ಪಾತ್ರೆ ಹಿಡಿದುಕೊಂಡು ನಿನ್ನ ಎಲೆ ದಾಟಿ ಮುಂದೆ ಹೋದಳು. ನಾನು ಉಸಿರು ಬಿಟ್ಟೆ. ಆಗ ನೀನು, ಎಲೆಯ ತುಂಬ ಅನ್ನ ಇಟ್ಟುಕೊಂಡು, ಕೈ ಎತ್ತಿ, "ತಾಯೇ, ಈ ಎಲೆಗಿಷ್ಟು ಅನ್ನ" ಎಂದೆ. ಅದು ಯಾವ ಪ್ರತಿಯಲ್ಲಿ ಇದೆ, ಯಜ್ಞಾ? ಅಷ್ಟು ಜನರ ಎದುರು ರಾಣಿಯಾದವಳು ಇಲ್ಲ ಎನ್ನುವ ಹಾಗಿಲ್ಲ. ತಿರುಗಿ ಬಂದಳು, ಬಡಿಸಿದಳು, ತನ್ನ ಕೈಯನ್ನು ನೋಡಿದಳು. ಹೆಂಗಸರ ಬೆಂಚುಗಳಲ್ಲಿ ಅಳು ಎದ್ದಿತು. ನಿನಗೆ ಬೇಕಾದದ್ದು ಸಿಕ್ಕಿತು. ಡಿಸೆಂಬರಿನಲ್ಲಿ ನಿನ್ನನ್ನು ಅರ್ಧ ಕ್ಷಮಿಸಿದ್ದೆ, ಹೆದರಿ ಸುಳ್ಳು ಹೇಳಿದವನು ಎಂದು. ಮೊನ್ನೆ ರಂಗದ ಮೇಲೆ ನೀನು ಹೆದರಿರಲಿಲ್ಲ. ಗೊತ್ತಿದ್ದೇ ಮಾಡಿದೆ.

ಅವ್ವನ ತಲೆ ಅಲುಗಲಿಲ್ಲ. ಆಟ ಮುಗಿದ ಮೇಲೆ "ಆ ಹೆಣ್ಣನ್ನು ಒಮ್ಮೆ ಕಾಣ್ಬೇಕು" ಎಂದಳು. ಬೇಡ ಎಂದೆ, ಬಸ್ಸಿಗೆ ಹೊತ್ತಾಯಿತೆಂದೆ. ಕೇಳದೆ ಮೆಟ್ಟಿಲು ಹತ್ತಿದಳು. ಮುಂದೆ ಆದದ್ದು ನಿನ್ನೆದುರೇ ಆಯಿತು. ಆದರೂ ಬರೆಯುತ್ತೇನೆ, ನೀನು ಅದನ್ನು ಬೇರೆ ರೀತಿ ನೆನಪಿಟ್ಟುಕೊಳ್ಳಬಾರದು.

ಅವ್ವ ಆ ಹುಡುಗಿಯ ಕೈ ಹಿಡಿದು, "ನಿನ್ನವನೂ ಹೊಳೆಯಲ್ಲೇ ಹೋದದ್ದಾ ಮಗಾ?" ಎಂದಳು.

ನೀನು ಅರ್ಧ ಬಣ್ಣ ಒರೆಸಿದ ಮುಖದಲ್ಲಿ ನಗುತ್ತಾ ಮುಂದೆ ಬಂದೆ. "ಅಮ್ಮಾ, ಇದೆಲ್ಲ ನಿಮ್ಮ ಮಗನೇ..." ಎಂದು ಸುರು ಮಾಡಿದೆ. ಮದುವೆಯೇ ಆಗದ ಆ ಹುಡುಗಿ ನಿನ್ನ ಮಾತನ್ನು ಅಲ್ಲಿಯೇ ಕತ್ತರಿಸಿ, "ಹೌದಮ್ಮ, ಹೊಳೆಯಲ್ಲೇ" ಎಂದಳು. ಅವ್ವ ಅವಳ ಹೆಗಲಿಗೆ ಹಣೆ ಇಟ್ಟು ಅತ್ತಳು. ಇಪ್ಪತ್ತು ವರ್ಷದ ಅಳು. ನಾನು ಎರಡು ಮಾರು ದೂರದಲ್ಲಿ, ನಿನ್ನ ಪಕ್ಕದಲ್ಲಿ, ಕೈಯಲ್ಲಿ ಅವಳ ಚೀಲ ಹಿಡಿದುಕೊಂಡು ನಿಂತಿದ್ದೆ. ನನ್ನ ಅವ್ವ ಅಳಲು ಒಂದು ಹೆಗಲು ಹುಡುಕಿದಾಗ ಅದು ನನ್ನದಾಗಿರಲಿಲ್ಲ. ಆ ಸುಳ್ಳಿಗಾಗಿ ಆ ಹುಡುಗಿಗೆ ನಾನು ಬದುಕಿರುವವರೆಗೆ ಋಣಿ. ನಿನಗೆ ಇನ್ನು ನನ್ನಿಂದ ಕಾಗದ ಬರುವುದಿಲ್ಲ, ನೀನೂ ಬರೆಯಬೇಡ.

ತಿರುಗಿ ಬರುವಾಗ ಬಸ್ಸು ಸುಳ್ಯ ದಾಟಿತು. ಆಮೇಲೆ ಅವ್ವ ನನ್ನ ಕಡೆ ತಿರುಗಿ ಬಹಳ ಪ್ರೀತಿಯಿಂದ ಹೇಳಿದಳು: "ನೀನು ಆ ಪಾರ್ಟು ಬಿಟ್ಟದ್ದು ಒಳ್ಳೆದಾಯ್ತು ಮಗಾ. ಅದೆಲ್ಲ ಗಂಡಸರಿಗೆ ಗೊತ್ತಾಗುದಿಲ್ಲ."

ಹೌದು ಅವ್ವ ಎಂದೆ.

ಅಚ್ಚುತ